ಹಳೆಯ ಶಾಲೆಯಲ್ಲಿ ಚೆಸ್ ಪಂದ್ಯಾವಳಿ: ಗೇಟಿನಿಂದ ಬೋರ್ಡಿನವರೆಗೆ

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಮುಂದಿನ ತಿಂಗಳು ಬೇರೆ ಊರಿನಲ್ಲಿ ನಡೆಯುವ ಎರಡು ದಿನಗಳ ಚೆಸ್ ಪಂದ್ಯಾವಳಿಯಲ್ಲಿ ಆಡಲಿದ್ದಾಳೆ. ಪಂದ್ಯಗಳು ನಡೆಯುವುದು ನೂರು ವರ್ಷಕ್ಕೂ ಹಳೆಯದಾದ ಶಾಲಾ ಕಟ್ಟಡದಲ್ಲಿ. ಕಳೆದ ಸಲ ಇಂಥದೇ ಒಂದು ಕಟ್ಟಡಕ್ಕೆ ನಾವು ಸಮಯಕ್ಕೆ ಸರಿಯಾಗಿಯೇ ಹೋಗಿದ್ದೆವು. ಆದರೆ ಆಟದ ಕೊಠಡಿ ಯಾವುದೆಂದು ತಿಳಿಯದೆ ಅಲೆದು, ಕೊನೆಗೆ ಅವಳು ಒಂದು ನಡೆಯನ್ನೂ ಆಡದೆ ಸೋಲಬೇಕಾಯಿತು. ಈ ಸಲ ಹಾಗಾಗದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ: ಆಡಿ ಸೋತದ್ದನ್ನು ಮಕ್ಕಳು ಬೇಗ ಮರೆಯುತ್ತಾರೆ, ಆಡದೆ ಸೋತದ್ದನ್ನು ಮರೆಯುವುದು ಕಷ್ಟ. ಆದ್ದರಿಂದ ನಿಮ್ಮ ಕಾಳಜಿ ನನಗೆ ಪೂರ್ಣವಾಗಿ ಅರ್ಥವಾಗುತ್ತದೆ. ನೀವು ಗೇಟನ್ನು ಸಮಯಕ್ಕೆ ಮುಟ್ಟಿದ್ದಿರಿ; ಆದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಟಗಾರರು ಬೋರ್ಡಿನ ಮುಂದೆ ಬಂದ ಕ್ಷಣವನ್ನು ಮಾತ್ರ. 2009ರ ಜುಲೈಗೆ ಮುಂಚೆ ಒಂದು ಗಂಟೆಯವರೆಗೆ ತಡವಾಗಿ ಬಂದವರಿಗೂ ಆಡುವ ಅವಕಾಶವಿತ್ತು. ಈಗಿನ ನಿಯಮದ ಪ್ರಕಾರ ಎಷ್ಟು ನಿಮಿಷದ ತಡವನ್ನು ಸಹಿಸಲಾಗುವುದೆಂದು ಸಂಘಟಕರು ಮೊದಲೇ ಪ್ರಕಟಿಸಬೇಕು, ಪ್ರಕಟಿಸದಿದ್ದರೆ ಆ ಅವಧಿ ಸೊನ್ನೆ ನಿಮಿಷವೆಂದೇ ಅರ್ಥ. ಅದನ್ನು ಮೀರಿ ಬಂದವರು, ತೀರ್ಪುಗಾರರು ಬೇರೆ ರೀತಿ ನಿರ್ಧರಿಸದ ಹೊರತು, ಆಟವನ್ನು ಕಳೆದುಕೊಳ್ಳುತ್ತಾರೆ. ಅದೇ ವರ್ಷ ರಷ್ಯಾದ ಖಾಂತಿ-ಮಾನ್ಸಿಸ್ಕ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಚೀನಾದ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳು ಎರಡು ಆಟಗಳ ನಡುವಿನ ಬಿಡುವಿನಲ್ಲಿ ಹೊರಗೆ ಹೋಗಿ, ಹಿಂದಿರುಗುವಾಗ ತಡವಾದ ಕಾರಣಕ್ಕೆ ಆಟವನ್ನು ಬಿಟ್ಟುಕೊಡಬೇಕಾಯಿತು. ಹಾಗಾಗಿ ಪಂದ್ಯಾವಳಿಯ ಪ್ರಕಟಣೆಯಲ್ಲಿ ಮೊದಲು ಹುಡುಕಬೇಕಾದದ್ದು ಈ ಒಂದು ಸಾಲನ್ನು. ಅದು ಅಲ್ಲಿ ಇಲ್ಲದಿದ್ದರೆ ಸಂಘಟಕರನ್ನು ಕೇಳಿ, ಬರಹದಲ್ಲಿಯೇ ಉತ್ತರ ಪಡೆಯಿರಿ.

ಇನ್ನು ಕಟ್ಟಡದ ವಿಷಯ. ಹಳೆಯ ಶಾಲೆಗಳು ಒಂದೇ ಸಲಕ್ಕೆ ಕಟ್ಟಿದವುಗಳಾಗಿರುವುದು ಅಪರೂಪ. ಮಕ್ಕಳ ಸಂಖ್ಯೆ ಹೆಚ್ಚಿದಂತೆಲ್ಲ ಒಂದೊಂದು ಭಾಗ ಸೇರುತ್ತಾ ಹೋಗಿ, ಒಳಗಿನ ದಾರಿ ಹೊಸಬರಿಗೆ ಸುಲಭವಾಗಿ ತಿಳಿಯುವುದಿಲ್ಲ. ಫೋನಿನ ನಕ್ಷೆ ನಿಮ್ಮನ್ನು ಮುಖ್ಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ, ಆದರೆ ರಜೆಯ ದಿನ ಆ ಬಾಗಿಲು ಮುಚ್ಚಿದ್ದು ಪ್ರವೇಶ ಹಿಂಬದಿಯಿಂದ ಇರಬಹುದು. ಆದ್ದರಿಂದ ಯಾವ ಗೇಟು, ಯಾವ ಮಹಡಿ, ಯಾವ ಕೊಠಡಿ, ವಾಹನ ನಿಲ್ಲಿಸುವ ಜಾಗ ಎಲ್ಲಿ ಎಂಬ ನಾಲ್ಕು ವಿಷಯಗಳನ್ನು ಮುಂಚಿತವಾಗಿ ಕೇಳಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾಗದವೇ ಏಕೆಂದರೆ ದಪ್ಪ ಗೋಡೆಗಳ ಕಟ್ಟಡದೊಳಗೆ ಫೋನಿಗೆ ಸಿಗ್ನಲ್ ಸಿಗದೆ ಹೋಗುವುದು ಸಾಮಾನ್ಯ.

ಸಾಧ್ಯವಿದ್ದರೆ ಹಿಂದಿನ ದಿನವೇ ಆ ಊರನ್ನು ತಲುಪಿ, ಸಂಜೆ ಮಗಳೊಂದಿಗೆ ಶಾಲೆಯವರೆಗೆ ಒಮ್ಮೆ ನಡೆದು ಬನ್ನಿ. ಒಳಗೆ ಬಿಡದಿದ್ದರೂ ತೊಂದರೆಯಿಲ್ಲ. ಕಟ್ಟಡವನ್ನು ಒಮ್ಮೆ ಹೊರಗಿನಿಂದ ಸುತ್ತಿ ನೋಡಿದರೂ ಮಾರನೆಯ ಬೆಳಗಿನ ಅರ್ಧ ಆತಂಕ ಕಳೆಯುತ್ತದೆ. ಅಂದೇ ಹೊರಟು ಅಂದೇ ತಲುಪಬೇಕಾದ ಪರಿಸ್ಥಿತಿಯಿದ್ದರೆ, ಮೊದಲ ಸುತ್ತು 10 ಗಂಟೆಗೆ ಎಂದಾದಲ್ಲಿ 9 ಗಂಟೆಗೆ ಗೇಟಿನಲ್ಲಿರುವಂತೆ ಹೊರಡಿ. ಬಸ್ಸು ಅಥವಾ ರೈಲಿನಲ್ಲಿ ಹೋಗುವುದಾದರೆ ನಿಮಗೆ ಸಾಕೆನಿಸುವ ಸೇವೆಗಿಂತ ಒಂದು ಮುಂಚಿನದನ್ನು ಆರಿಸಿಕೊಳ್ಳಿ. ಹಾಜರಾತಿಯ ಸಮಯ ಬೇರೆ, ಸುತ್ತಿನ ಸಮಯ ಬೇರೆ ಎಂಬುದೂ ನೆನಪಿರಲಿ. ಹಾಜರಾತಿ ಮುಗಿದ ನಂತರವೇ ಎದುರಾಳಿಗಳ ಜೋಡಿಗಳನ್ನು ಮಾಡುವ ಪಂದ್ಯಾವಳಿಯಲ್ಲಿ, ತಡವಾಗಿ ಬಂದವರಿಗೆ ಮೊದಲ ಸುತ್ತಿನಲ್ಲಿ ಎದುರಾಳಿಯೇ ಸಿಗದಿರಬಹುದು.

ಒಳಗೆ ಹೋದ ಮೇಲೆ ಮೊದಲ ಕೆಲಸ ಪಟ್ಟಿಯಲ್ಲಿ ಬೋರ್ಡ್ ನಂಬರ್ ನೋಡುವುದು. ಬೋರ್ಡುಗಳನ್ನು ಹಲವು ತರಗತಿ ಕೊಠಡಿಗಳಲ್ಲಿ ಹಂಚಿದ್ದರೆ, ಸುತ್ತು ಬದಲಾದಾಗ ಮಗಳ ಕೊಠಡಿಯೂ ಬದಲಾಗಬಹುದು. ಬೆಳಿಗ್ಗೆ ಒಮ್ಮೆ ಕೊಠಡಿ ಸಿಕ್ಕಿತೆಂದು ಮಧ್ಯಾಹ್ನ ನಿಶ್ಚಿಂತರಾಗಬೇಡಿ. ಅನುಮತಿಯಿಲ್ಲದ ಎಲೆಕ್ಟ್ರಾನಿಕ್ ಸಾಧನಗಳನ್ನು ಆಟಗಾರರು ಆಟದ ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅವಳ ಫೋನು ನಿಮ್ಮ ಬಳಿಯೇ ಇರಲಿ, ಆಟ ಮುಗಿದ ಮೇಲೆ ಇಬ್ಬರೂ ಎಲ್ಲಿ ಸೇರಬೇಕೆಂಬುದನ್ನು ಜಾಗ ತೋರಿಸಿಯೇ ಹೇಳಿಡಿ.

ಇಷ್ಟಾದರೂ ದಾರಿಯಲ್ಲಿ ತಡವಾದರೆ ತಕ್ಷಣ ಸಂಘಟಕರಿಗೆ ಕರೆ ಮಾಡಿ. ಆ ಆಟ ಉಳಿಯದೆ ಹೋದರೂ ಮುಂದಿನ ಸುತ್ತುಗಳಿಗೆ ಅವಳ ಹೆಸರು ಉಳಿಯಲು ಅದು ಬೇಕಾಗುತ್ತದೆ. ಹೀಗೆ ಆಡದೆ ಹೋದ ಆಟದ ಅಂಕ ಎದುರಾಳಿಗೆ ಸೇರುತ್ತದೆಯೇ ಹೊರತು, ಅದನ್ನು ರೇಟಿಂಗ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು ಅವಳಿಗೆ ತಿಳಿಸಿ. ಕಳೆದ ಸಲದ ನೋವಿಗೂ ಅದು ಸ್ವಲ್ಪ ಸಮಾಧಾನವಾದೀತು.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ, ಮೆಟ್ಟಿಲು ಹತ್ತಲಾರರು. ಹಳೆಯ ಶಾಲೆಯೊಂದರ ಮೊದಲ ಮಹಡಿಯಲ್ಲಿ ನಡೆಯುವ ಪಂದ್ಯಾವಳಿಯಲ್ಲಿ ಅವರು ಆಡಬಹುದೇ?

ಉತ್ತರ: ಖಂಡಿತ ಆಡಬಹುದು, ಆದರೆ ಹೆಸರು ನೋಂದಾಯಿಸುವಾಗಲೇ ವಿಷಯವನ್ನು ತಿಳಿಸಬೇಕು. ಸಂರಕ್ಷಿತ ಕಟ್ಟಡಗಳಲ್ಲಿ ಲಿಫ್ಟ್ ಅಳವಡಿಸುವುದು ಸುಲಭವಲ್ಲ. ಹಾಗಾಗಿ ಕಟ್ಟಡ ಬದಲಾಗಲೆಂದು ಕಾಯದೆ, ನೆಲಮಹಡಿಯಲ್ಲಿ ಅವರಿಗೊಂದು ಖಾಯಂ ಬೋರ್ಡನ್ನು ಕೇಳಿ. ಜೋಡಿ ಪಟ್ಟಿಯಲ್ಲಿ ಅವರ ನಂಬರ್ ಏನೇ ಇದ್ದರೂ ಪ್ರತಿ ಸುತ್ತಿನಲ್ಲಿ ಎದುರಾಳಿಯೇ ಅಲ್ಲಿಗೆ ಬರುವ ಈ ಏರ್ಪಾಡು ಚೆಸ್ ಪಂದ್ಯಾವಳಿಗಳಿಗೆ ಹೊಸದಲ್ಲ. ಜೊತೆಗೆ ಶೌಚಾಲಯ ಎಲ್ಲಿದೆ ಎಂಬುದನ್ನೂ ವಿಚಾರಿಸಿ. ಹಳೆಯ ಶಾಲೆಗಳಲ್ಲಿ ಅದು ಅಂಗಳದಾಚೆಯ ಬೇರೆ ಕಟ್ಟಡದಲ್ಲಿರುವುದುಂಟು. ಆಟದ ನಡುವೆ ತೀರ್ಪುಗಾರರ ಅನುಮತಿಯಿಲ್ಲದೆ ಆಟದ ಆವರಣವನ್ನು ಬಿಟ್ಟು ಹೋಗುವಂತಿಲ್ಲ. ಅಂಗಳವೂ ಆ ಆವರಣಕ್ಕೆ ಸೇರಿದೆಯೇ ಎಂದು ಮೊದಲ ಸುತ್ತಿಗೆ ಮುಂಚೆಯೇ ತೀರ್ಪುಗಾರರಿಂದ ತಿಳಿದುಕೊಂಡರೆ, ತಂದೆಯವರು ಪ್ರತಿ ಸಲ ಎದ್ದಾಗಲೂ ಸಂಕೋಚಪಡಬೇಕಾಗುವುದಿಲ್ಲ.