‘ವೀಕ್ಷಿಸಿ’ ಅಂತ ಯಾರ ಮನೆಯಲ್ಲಿ ಹೇಳುತ್ತಾರೆ?

ಪ್ರಿಯರೇ,

‘ವಾಚ್’ ಎಂಬ ಇಂಗ್ಲಿಷ್ ಪದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. 14 ಅರ್ಥಗಳನ್ನು ಅಂಕಿ ಕೊಟ್ಟು ಸಾಲಾಗಿ ನಿಲ್ಲಿಸಿದ್ದೀರಿ. ನಿಘಂಟು ಓದುಗರ ಫೋನಿನಲ್ಲೇ ಇದೆಯಲ್ಲ.

‘ವಾಚ್ ಯುವರ್ ಸ್ಟೆಪ್’ ನಿಮ್ಮ ಕೈಯಲ್ಲಿ ‘ನಿಮ್ಮ ಹೆಜ್ಜೆಯನ್ನು ವೀಕ್ಷಿಸಿ’ ಆಗಿದೆ. ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದರೆ ನಿಮ್ಮಮ್ಮ ಹಾಗನ್ನುತ್ತಾರೆಯೇ? ‘ನೋಡ್ಕೊಂಡು ಬಾರೋ’ ಅನ್ನುತ್ತಾರೆ. ‘ವೀಕ್ಷಿಸಿ’ ಟೀವಿಯವರ ಮಾತು, ಅಲ್ಲೇ ಇರಲಿ. ಇನ್ನು ‘ವಾಚ್ ಯುವರ್ ಟಂಗ್’ಗೆ ‘ನಾಲಿಗೆಯನ್ನು ಗಮನಿಸು’ ಅಂದಿದ್ದೀರಿ. ಅದಕ್ಕೆ ಕನ್ನಡಿ ಬೇಕಾದೀತು. ‘ನಾಲಿಗೆ ಬಿಗಿಹಿಡಿ’ ಎಂಬುದು ಎಲ್ಲಿ ಹೋಯಿತು?

‘ಸೀ, ಲುಕ್, ವಾಚ್ ಮೂರಕ್ಕೂ ನಮ್ಮಲ್ಲಿ ನೋಡು ಒಂದೇ, ಕನ್ನಡ ಇಲ್ಲಿ ಬಡವಿ’ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಗೋಡೆಯ ಮೇಲಿನ ಚಿತ್ರವನ್ನು ಇಂಗ್ಲಿಷಿನವರು ‘ವಾಚ್’ ಮಾಡುವುದಿಲ್ಲ, ಕ್ರಿಕೆಟ್ ಮ್ಯಾಚನ್ನು ಮಾಡುತ್ತಾರೆ. ಏನೋ ನಡೆಯುತ್ತಿರಬೇಕು, ಇಲ್ಲವೇ ಈಗ ನಡೆದೀತು ಅನಿಸಬೇಕು. ಅದಕ್ಕೆ ನಾವು ಬೇರೆ ಪದ ಹುಡುಕುವುದಿಲ್ಲ, ‘ನೋಡು’ವಿಗೆ ಬಾಲ ಕಟ್ಟುತ್ತೇವೆ. ಒಲೆಯ ಮೇಲೆ ಹಾಲಿದೆ ಅಂದುಕೊಳ್ಳಿ. ‘ಹಾಲು ನೋಡು’ ಎಂದರೆ ಇಣುಕಿ ಬಂದರಾಯಿತು. ‘ನೋಡ್ತಾ ಇರು’ ಎಂದರೆ ಅಲ್ಲೇ ನಿಲ್ಲಬೇಕು. ‘ನೋಡ್ಕೋ’ ಎಂದರೆ ಉಕ್ಕಿದಾಗ ಬೈಗುಳ ನಿಮಗೇ. ‘ಕುಡಿದು ನೋಡು’ವಿಗಂತೂ ಕಣ್ಣೇ ಬೇಡ. ಇದು ಬಡತನವೇ?

‘ವಾಚ್’, ‘ವೇಕ್’ ಎರಡೂ ಒಂದೇ ಬೇರಿನವು ಎಂದು ಸರಿಯಾಗಿಯೇ ಹೇಳಿ, ತಕ್ಷಣ ಎಚ್‌ಎಂಟಿ ಕೈಗಡಿಯಾರದ ಕಡೆ ಓಡಿದ್ದೀರಿ. ಸ್ವಲ್ಪ ನಿಲ್ಲಬಾರದಿತ್ತೇ? ಎಚ್ಚರವಿರುವುದು ಆ ಪದದ ಹಳೆಯ ಅರ್ಥ. ಹಡಗಿನಲ್ಲಿ ಈಗಲೂ ನಾಲ್ಕು ಗಂಟೆಯ ಪಾಳಿಗೆ ‘ವಾಚ್’ ಎನ್ನುತ್ತಾರೆ. ಪಕ್ಕದಲ್ಲಿ ನಮ್ಮ ‘ಜಾವ’ ಇಡಿ: ಮೂರು ಗಂಟೆಗೊಂದು, ದಿನಕ್ಕೆ 8. ಸಂಸ್ಕೃತದ ಯಾಮವೇ ಜಾವ. ರಾತ್ರಿ ಪಹರೆಯವನು ಯಾಮಿಕ. ‘ಬೆಳಗಿನ ಜಾವ’ ಅನ್ನುವಾಗ ಆ ಪಹರೆಯವನು ಯಾರಿಗೂ ನೆನಪಾಗುವುದಿಲ್ಲ, ಪಾಪ.

1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರದ ಕಾರ್ಖಾನೆ ಬಂದದ್ದು ನಿಜ. ಅದು ಬೇರೆ ಲೇಖನ. ನನ್ನಪ್ಪನ ಎಚ್‌ಎಂಟಿ ‘ಜನತಾ’ ವಾಚು ನನ್ನ ಮೇಜಿನ ಖಾನೆಯಲ್ಲಿದೆ, ಕೀ ಕೊಟ್ಟರೆ ಇವತ್ತಿಗೂ ಓಡುತ್ತದೆ. ಆದರೂ ಆ ಅರ್ಧ ಪುಟ ಕತ್ತರಿಸಿ.

ಕೊನೆಯ ಪುಟದಲ್ಲಿ ನಿಮ್ಮ ಸೋದರಮಾವ ಬರುತ್ತಾರೆ, ಒಂದೇ ಸಾಲಿಗೆ. ಶೇಂಗಾ ಹೊಲದ ಅಟ್ಟಣೆಯ ಮೇಲೆ ‘ಹಂದಿ ಕಾಯೋಕೆ’ ಹೋಗುತ್ತಿದ್ದರಂತೆ. ದನ ಕಾಯುವುದು ದನ ಉಳಿಯಲೆಂದು. ಹಂದಿ ಕಾಯುವುದು ಹಂದಿಯಿಂದ ಬೆಳೆ ಉಳಿಯಲೆಂದು. ಬಸ್ಸಿಗೂ ನಾವು ಕಾಯುತ್ತೇವೆ. ಕಾವಲು, ಎಚ್ಚರ, ನಿರೀಕ್ಷೆ ಎಲ್ಲವನ್ನೂ ಹೊತ್ತ ‘ಕಾಯು’ವನ್ನು ಕೈಯಲ್ಲಿ ಹಿಡಿದುಕೊಂಡೇ ‘ವಾಚ್’ಗೆ ಸಮಾನ ಪದವಿಲ್ಲ ಎಂದು ಕೊರಗಿದ್ದೀರಲ್ಲ!

ಮಾವ ನಿದ್ದೆ ತಡೆಯಲು ಏನು ಮಾಡುತ್ತಿದ್ದರು? ಡಬ್ಬ ಬಡಿಯುತ್ತಿದ್ದರೇ, ಬೀಡಿ ಸೇದುತ್ತಿದ್ದರೇ? ಕೇಳಿ, ಅಲ್ಲಿಂದ ಶುರುಮಾಡಿ 800 ಪದದೊಳಗೆ ಮತ್ತೆ ಕಳಿಸಿ. ಅಂಕಿಗಳು ಬೇಡ.

ಇಂತಿ,
ಸಂಪಾದಕ