ಮೊದಲ ಸಲ ಮಸಾಜ್‌ಗೆ ಹೋಗುತ್ತಿದ್ದೀರಾ?

ಸೊಂಟನೋವಿಗೆ ಎಣ್ಣೆ ಮಸಾಜ್ ಮಾಡಿಸಲು ಚಿಕ್ಕಮಗಳೂರಿಂದ ಹಾಸನಕ್ಕೆ ಬೈಕಲ್ಲಿ ಬರುತ್ತೇನೆ, ಬಟ್ಟೆ ಎಷ್ಟು ತೆಗೆಯಬೇಕು, ನೋವಾಗುತ್ತಾ ಅಂತ ಕೇಳಿದ್ದೀರಿ.

ಆಯುರ್ವೇದದವರ ಹತ್ತಿರ ಸಾಮಾನ್ಯವಾಗಿ ಒಂದು ಲಂಗೋಟಿ ಕೊಡುತ್ತಾರೆ, ಅಷ್ಟೇ. ಮುಜುಗರ ಆದರೆ ಮೇಲೊಂದು ಟವೆಲ್ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹಾಸನದ ತಣ್ಣೀರುಹಳ್ಳದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಆಸ್ಪತ್ರೆಯಂಥ ಕಡೆ ಮೊದಲು ಡಾಕ್ಟರಿಗೆ ತೋರಿಸುವುದೇ ಒಳ್ಳೆಯದು. ಬಿಪಿ, ಹಳೇ ಆಪರೇಷನ್, ರಕ್ತ ತೆಳು ಮಾಡೋ ಮಾತ್ರೆ, ಎಲ್ಲಾ ಹೇಳಿಬಿಡಿ. ಜ್ವರ ಇದ್ದರೆ ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮಸಾಜ್ ಬೇಡವೇ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಮಲಗಿಸುವುದು ದ್ರೋಣಿ ಮೇಲೆ, ಅಂದರೆ ಮಸಾಜಿಗೆ ಅಂತಲೇ ಮಾಡಿದ ಮರದ ಮೇಜು. ಎಣ್ಣೆ ಕೆಳಗೆ ಹರಿಯದ ಹಾಗೆ ಸುತ್ತ ಅಂಚಿರುತ್ತದೆ. ಬಿಸಿ ಎಣ್ಣೆ ಬಿದ್ದ ಮೇಲೆ ಮೈ ಮೀನಿನ ಹಾಗೆ ಜಾರುತ್ತದೆ, ಮಗ್ಗುಲು ತಿರುಗುವಾಗ ಆ ಅಂಚನ್ನೇ ಹಿಡಿದುಕೊಳ್ಳಿ. ಒತ್ತು ಜಾಸ್ತಿ ಆದರೆ ಬಾಯಿಬಿಟ್ಟು ಹೇಳಿ. ನಾನು ಬೇರೊಂದು ಕಡೆ ಮರ್ಯಾದೆಗೆ ಅಂಜಿ ಹಲ್ಲುಕಚ್ಚಿ ಸುಮ್ನೆ ಮಲಗಿದ್ದೆ, ಎರಡು ದಿನ ಕೈ ಮೇಲೆತ್ತಲು ಆಗಲಿಲ್ಲ! ಮಾರನೇ ದಿನ ಸ್ವಲ್ಪ ಮೈಕೈ ನೋವು ಸಹಜ. ಜೋಮು ಹಿಡಿದರೆ, ಚುಚ್ಚಿದ ಹಾಗಾದರೆ ಡಾಕ್ಟರಿಗೆ ತೋರಿಸಿ.

ಊಟ ಮಾಡಿದ ಕೂಡಲೇ ಹೋಗಬೇಡಿ. ಹಳೇ ಬಟ್ಟೆ ಹಾಕಿಕೊಳ್ಳಿ, ಎಣ್ಣೆ ಕಲೆ ಜಪ್ಪಯ್ಯ ಅಂದರೂ ಹೋಗಲ್ಲ.

ಬೈಕ್ ಮಾತ್ರ ಬೇಡ. ಮಸಾಜ್ ಆಗಿ ಹಬೆಯನ್ನೂ ತೆಗೆದುಕೊಂಡರೆ, ವಾಪಸ್ ಹೋಗುವಾಗ ಬೇಲೂರು ತಲುಪುವಷ್ಟರಲ್ಲೇ ಕಣ್ಣು ಎಳೆಯುತ್ತದೆ. ಬಸ್ಸಿಗೆ ಬನ್ನಿ, ಕಿವಿಗೆ ಒಂದು ಮಫ್ಲರ್ ಇರಲಿ.