ಮಂಗಳದವರು ಬಂದರು, ಮಕ್ಕಳನ್ನೂ ಕೂರಿಸಿಕೊಳ್ಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಅನ್ಯಗ್ರಹ ದಾಳಿಯ ಚಿತ್ರವೊಂದನ್ನು ಮನೆಮಂದಿಯೆಲ್ಲ ನೋಡುವಂತೆ ಮತ್ತೆ ಮಾಡಹೊರಟ ಹವ್ಯಾಸಿ ತಂಡಗಳಿಂದ ಬಂದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ.

ಪ್ರಶ್ನೆ: ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿಯಿಡುವ 1953ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಚಿತ್ರವನ್ನು ಅರ್ಧ ಗಂಟೆಗೆ ಇಳಿಸಿ ಮತ್ತೆ ಮಾಡುವ ಆಸೆ. ಹಕ್ಕು ಯಾರನ್ನು ಕೇಳಬೇಕು?

ಉತ್ತರ: ಆ ಚಿತ್ರಕ್ಕೆ ಮೂಲವಾದ ಕಾದಂಬರಿಯಿಂದ ಹೊರಟರೆ ಯಾರನ್ನೂ ಕೇಳಬೇಕಿಲ್ಲ. ಚಿತ್ರದಿಂದ ಹೊರಟರೆ ಕೇಳಲೇಬೇಕು. ಎಚ್. ಜಿ. ವೆಲ್ಸ್ ಅವರ ಕಾದಂಬರಿ ಪುಸ್ತಕವಾಗಿ ಬಂದದ್ದು 1898ರಲ್ಲಿ, ಅವರು ತೀರಿಕೊಂಡದ್ದು 1946ರಲ್ಲಿ. ಲೇಖಕರು ಹೋದ ಮೇಲೆ 70 ವರ್ಷ ಹಕ್ಕು ಉಳಿಯುವ ದೇಶಗಳಲ್ಲೂ ಅದು 2016ರ ಕೊನೆಗೆ ಮುಗಿಯಿತು. ಆದರೆ ತೊರಕೆ ಮೀನಿನಂತೆ ಚಪ್ಪಟೆಯಾಗಿ ತೇಲುವ ತಾಮ್ರದ ಬಣ್ಣದ ಯಂತ್ರ, ಅದರ ಮೇಲೆ ಹಾವಿನ ಹೆಡೆಯಂತೆ ಎದ್ದ ಕಿರಣದ ಕೊಳವೆ, ಕೆಂಪು-ಹಸಿರು-ನೀಲಿಯ ಮೂರು ಭಾಗದ ಕಣ್ಣು, ಇವೆಲ್ಲ ಸಿನಿಮಾದವರ ಸೃಷ್ಟಿ. ಅವನ್ನು ಮುಟ್ಟಬೇಡಿ. ವೆಲ್ಸ್ ಬರೆದ ಮೂರು ಕಾಲಿನ ಯಂತ್ರ ನಿಮಗೆ ಮುಕ್ತವಾಗಿದೆ. ಮಕ್ಕಳ ಚಿತ್ರಕ್ಕೆ ಅದೇ ಮೇಲು, ಏಕೆಂದರೆ ಕಾಲಿದ್ದರೆ ಹೆಜ್ಜೆ ಸದ್ದಿರುತ್ತದೆ. ಯಂತ್ರ ಎಷ್ಟು ದೂರದಲ್ಲಿದೆ ಎನ್ನುವುದನ್ನು ಮಗು ಕಿವಿಯಲ್ಲೇ ಅಳೆಯುತ್ತದೆ.

ಪ್ರಶ್ನೆ: ಐದು ವರ್ಷದ ಮಗುವಿನಿಂದ ಅಜ್ಜಿಯವರೆಗೆ ಎಲ್ಲರೂ ನೋಡಬೇಕು. ಭಯದ ದೃಶ್ಯಗಳನ್ನೆಲ್ಲ ತೆಗೆದುಬಿಡೋಣವೇ?

ಉತ್ತರ: ದಯವಿಟ್ಟು ಬೇಡ. ಭಯ ತೆಗೆದರೆ ದಾಳಿಯ ಕಥೆಯಲ್ಲಿ ಉಳಿಯುವುದು ಓಡಾಟ ಮಾತ್ರ. ಭಯ ಇರಲಿ, ಅದರ ಪಕ್ಕದಲ್ಲಿ ಕೈ ಹಿಡಿಯುವವರೊಬ್ಬರು ಇರಲಿ.

ಯಾವ ವಯಸ್ಸಿಗೆ ಯಾವುದು ಭಯ ಎಂಬುದು ಮೊದಲು ಗೊತ್ತಿರಬೇಕು. ಜೋನ್ ಕ್ಯಾಂಟರ್ ಮತ್ತು ಗ್ಲೆನ್ ಸ್ಪಾರ್ಕ್ಸ್ 1980ರ ದಶಕದಲ್ಲಿ ಮಾಡಿದ ಅಧ್ಯಯನಗಳ ಪ್ರಕಾರ, ಶಾಲೆಗೆ ಸೇರುವ ಮುಂಚಿನ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ, ಅದರಲ್ಲೂ ಪರಿಚಿತ ಮುಖ ಎದುರಿಗೇ ಬದಲಾಗುವುದಕ್ಕೆ. ‘ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯಲ್ಲಿ ಮನುಷ್ಯ ಹಸಿರು ದೈತ್ಯನಾಗುವ ಕ್ಷಣ ಪುಟ್ಟ ಮಕ್ಕಳಿಗೆ ಎಲ್ಲಕ್ಕಿಂತ ಭಯಾನಕವಾಗಿತ್ತು. ಆ ದೈತ್ಯ ಒಳ್ಳೆಯದನ್ನೇ ಮಾಡುತ್ತಾನೆ ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ದೊಡ್ಡ ಮಕ್ಕಳು ಹೆದರುವುದು ‘ನಿಜವಾಗಿ ಹೀಗಾದರೆ’ ಎಂಬ ಯೋಚನೆಗೆ. ಆದ್ದರಿಂದ ಚಿತ್ರವನ್ನು ಎಂಟು ವರ್ಷದವರಿಗೆಂದು ಬರೆಯಿರಿ, ಐದು ವರ್ಷದವರಿಗೆ ನೋವಾಗದಂತೆ ಎಡಿಟ್ ಮಾಡಿ. ಜೀವಿಯ ಮುಖವನ್ನು ಒಂದೇ ಸಲ, ಎರಡು ಸೆಕೆಂಡಿಗಿಂತ ಕಡಿಮೆ ತೋರಿಸಿದರೆ ಸಾಕು.

ಕಿರಣ ತಗುಲಿದ ಜನರ ವಿಷಯವೇ ಕಷ್ಟದ್ದು. ಇದೇ ಕಥೆಯ ಸ್ಪೀಲ್‌ಬರ್ಗ್ ಅವರ 2005ರ ಚಿತ್ರದಲ್ಲಿ ಕಿರಣ ತಗುಲಿದಾಗ ರಕ್ತ ಕಾಣುವುದಿಲ್ಲ. ಜನ ಬೂದಿಯಾಗುತ್ತಾರೆ, ಖಾಲಿ ಬಟ್ಟೆ ಗಾಳಿಯಲ್ಲಿ ಹಾರುತ್ತದೆ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಪಿಜಿ-13, ಅಂದರೆ 13 ತುಂಬದ ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಎಚ್ಚರಿಕೆ ಹೇಳುವ ಗುರುತು. ಪುಟ್ಟವರಿಗೆ ಅದು ರಕ್ತಕ್ಕಿಂತ ಹಗುರವೇನಲ್ಲ. ಮನೆಗೆ ಬಂದ ಅಪ್ಪನ ಮೈಮೇಲಿನ ಬಿಳಿ ಪುಡಿ ಏನೆಂದು ಮಗು ಕೇಳಿದರೆ ಯಾರು ಉತ್ತರ ಹೇಳುತ್ತಾರೆ? ನಿಮ್ಮ ಚಿತ್ರದಲ್ಲಿ ಕಿರಣ ವಸ್ತುಗಳಿಗೆ ತಗುಲಲಿ: ಕಬ್ಬಿಣದ ಗೇಟು ಕೆಂಪಗೆ ಕಾದು ಬಾಗಲಿ, ಖಾಲಿ ಬಸ್ಸಿನ ಗಾಜು ಇಳಿದು ಹರಿಯಲಿ. ಹಾಗಂತ ಕೊನೆಗೆ ಎಲ್ಲರೂ ಸುರಕ್ಷಿತ ಎಂದು ಸುಳ್ಳು ಹೇಳಬೇಡಿ. ವಾಪಸು ಬಾರದವರು ಒಬ್ಬರಾದರೂ ಇರಲಿ, ಅವರ ಹೆಸರನ್ನು ಯಾರಾದರೂ ಹೇಳಲಿ.

ಮಗು ಅಪ್ಪ ಅಮ್ಮನಿಂದ ಬೇರೆಯಾಗುವ ದೃಶ್ಯ ಯಾವ ಯಂತ್ರಕ್ಕಿಂತಲೂ ಜೋರಾಗಿ ನಾಟುತ್ತದೆ. ಅದನ್ನು ಒಂದೇ ಕಡೆ ಇಟ್ಟುಕೊಳ್ಳಿ, ಎರಡು ನಿಮಿಷ ದಾಟಿಸಬೇಡಿ. ಅಮ್ಮ ಎಲ್ಲಿದ್ದಾಳೆ ಎಂಬುದು ಪರದೆಯ ಮೇಲಿನ ಮಗುವಿಗೆ ಗೊತ್ತಿಲ್ಲದಿದ್ದರೂ ನೋಡುವ ಮಗುವಿಗೆ ಗೊತ್ತಿರಲಿ.

ಪ್ರಶ್ನೆ: ಶಾಖಕಿರಣಕ್ಕೆ ಮಿಂಚುವ ಬೆಳಕು ಬಳಸಬಹುದೇ?

ಉತ್ತರ: ಸೆಕೆಂಡಿಗೆ ಮೂರು ಮಿಂಚು ಮೀರಬಾರದು. ದಟ್ಟ ಕೆಂಪಿನ ಮಿಂಚು ಬೇಡವೇ ಬೇಡ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಒಂದು ಕಾರ್ಟೂನಿನ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಬದಲಾಗಿ, 600ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಬಹುಪಾಲು ಮಕ್ಕಳು. ಮಿಂಚಿನ ಬದಲು ಕಾವೇರುವ ಬೆಳಕು ಮಾಡಿ: ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಓಡುವ ಸಿನಿಮಾದಲ್ಲಿ ಏರಲು 8 ಫ್ರೇಮ್, ಇಳಿಯಲು 16, ಅಂದರೆ ಒಂದು ಸೆಕೆಂಡಿಗೆ ಒಂದೇ ಉಸಿರು. ನೋಡಲೂ ಇದೇ ಹೆಚ್ಚು ಬಿಸಿಯಾಗಿ ಕಾಣುತ್ತದೆ.

ಪ್ರಶ್ನೆ: ಯಂತ್ರದ ಮಾದರಿ ಮಾಡಿ ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಆಟಿಕೆಯಂತೆ ಕಾಣುತ್ತಿದೆ. ತಪ್ಪೆಲ್ಲಿ?

ಉತ್ತರ: ಮುಕ್ಕಾಲು ಪಾಲು ತಪ್ಪು ವೇಗದ್ದು. ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲವನ್ನು 24ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕೆಂದು ಸಿಗುತ್ತದೆ. ನಿಮ್ಮ ಫೋನಿನಲ್ಲಿ 120 ಫ್ರೇಮ್ ಇದ್ದರೆ 120 ಭಾಗಿಸು 24, ಐದು. ಐದರ ವರ್ಗ 25. ಅಂದರೆ 1:25ರ ಮಾದರಿ. ಕಥೆಯಲ್ಲಿ 30 ಮೀಟರ್ ಎತ್ತರದ ಯಂತ್ರ ಮೇಜಿನ ಮೇಲೆ 120 ಸೆಂಟಿಮೀಟರ್. ಇಷ್ಟು ದೊಡ್ಡದು ಬೇಕೇ ಎಂದು ಮಾದರಿಯನ್ನು ಮೊಳದುದ್ದಕ್ಕೆ ಇಳಿಸುವುದೇ ಎಲ್ಲರೂ ಎಡವುವ ಜಾಗ.

ಎರಡನೆಯದು ಕೈಯ ವೇಗ. ನೀವು ಸೆರೆಹಿಡಿದದ್ದು ಪರದೆಯ ಮೇಲೆ ಐದು ಪಟ್ಟು ನಿಧಾನವಾಗುತ್ತದೆ. ಮೂರು ಸೆಕೆಂಡಿನ ಹೆಜ್ಜೆ ಬೇಕೆಂದರೆ ಕಾಲನ್ನು 0.6 ಸೆಕೆಂಡಿನಲ್ಲಿ ಊರಬೇಕು. ಭಾರ ತೋರಿಸಬೇಕೆಂದು ಕೈಯನ್ನೂ ನಿಧಾನ ಮಾಡಿದರೆ ಯಂತ್ರ ನೀರಿನಲ್ಲಿ ತೇಲಿದಂತಾಗುತ್ತದೆ. ಭಾರ ಕಾಣುವುದು ಕ್ರಮದಲ್ಲಿ: ಪಾದ ನೆಲ ಮುಟ್ಟಬೇಕು, ಜರಡಿ ಹಿಡಿದ ನಯವಾದ ಮಣ್ಣು ಏಳಬೇಕು, ಆಮೇಲೆ ಮೇಲಿನ ತಲೆ ಎರಡು ಬೆರಳಿನಷ್ಟು ಕುಸಿದು ಮತ್ತೆ ಮೇಲೇಳಬೇಕು. ತಲೆಗೊಬ್ಬರು, ಕಾಲಿಗೊಬ್ಬರಂತೆ ಮೂವರು, ಒಟ್ಟು ನಾಲ್ಕು ಜನ ಕಡ್ಡಿ ಹಿಡಿಯಿರಿ. ಎಣಿಕೆ ಜೋರಾಗಿ ಹೇಳಲಿ ಒಬ್ಬರು.

ಮೂರನೆಯದು ಕಣ್ಣಿನ ಎತ್ತರ. ಮಗುವಿನ ಕಣ್ಣು ನೆಲದಿಂದ 110 ಸೆಂಟಿಮೀಟರ್. 25ರಿಂದ ಭಾಗಿಸಿದರೆ 4.4. ಫೋನನ್ನು ತಲೆಕೆಳಗು ಮಾಡಿ ಹಿಡಿದರೆ ಲೆನ್ಸ್ ಅಷ್ಟು ತಗ್ಗಿಗೆ ಇಳಿಯುತ್ತದೆ. ಕ್ಯಾಮೆರಾ ಒಂದು ಅಡಿ ಮೇಲಿದ್ದರೆ ಏಳೂವರೆ ಮೀಟರಿನಿಂದ ನೋಡಿದಂತೆ, ಯಂತ್ರದ ದೊಡ್ಡಸ್ತಿಕೆ ಅಲ್ಲಿಗೇ ಹೋಯಿತು.

ಬಯಲಿನಲ್ಲಿ ಒಳ್ಳೆ ಬಿಸಿಲಿನಲ್ಲೇ ತೆಗೆಯಿರಿ. ಫ್ರೇಮ್ ಹೆಚ್ಚಿದಷ್ಟೂ ಬೆಳಕು ಬೇಕು. ಒಳಾಂಗಣದ ಎಲ್ಇಡಿ ದೀಪಗಳು 120 ಫ್ರೇಮಿನಲ್ಲಿ ಮಿಣುಕುವುದೂ ಉಂಟು. ನೀರು, ಬೆಂಕಿ ಮಾತ್ರ ಈ ಅಳತೆಗೆ ಬಗ್ಗುವುದಿಲ್ಲ. ನೀರಿನ ಹನಿ, ಬೆಂಕಿಯ ನಾಲಿಗೆ ಮಾದರಿಯ ಜೊತೆ ಚಿಕ್ಕದಾಗುವುದಿಲ್ಲವಲ್ಲ. ಅವುಗಳಿಗೆ ಮಾದರಿ ನಿಜ ಗಾತ್ರದ ಕನಿಷ್ಠ ಕಾಲು ಭಾಗದಷ್ಟಾದರೂ ಇರಬೇಕು, ಇಲ್ಲವೇ ಕಥೆಯಿಂದ ಕೈಬಿಡಿ.

ಪ್ರಶ್ನೆ: ರೋಗಾಣುಗಳಿಂದ ಶತ್ರು ಸಾಯುವ ಅಂತ್ಯ ಮೋಸದಂತಿದೆ. ಮಕ್ಕಳೇ ಬುದ್ಧಿ ಓಡಿಸಿ ಗೆಲ್ಲುವಂತೆ ಬದಲಿಸಬಹುದೇ?

ಉತ್ತರ: ಅಂತ್ಯ ಬದಲಿಸಬೇಡಿ, ಅದರ ಬೀಜವನ್ನು ಮೊದಲೇ ಬಿತ್ತಿ. ಸುಳಿವಿಲ್ಲದೆ ಬಂದಾಗ ಮಾತ್ರ ಅದು ಮೋಸ. ವೆಲ್ಸ್ ಸುಳಿವು ಕೊಟ್ಟಿದ್ದರು: ಮಂಗಳದವರ ಜೊತೆ ಬಂದ ಕೆಂಪು ಕಳೆ ಹೊಳೆಗಳನ್ನೆಲ್ಲ ಮುಚ್ಚುತ್ತದೆ, ಆಮೇಲೆ ಬ್ಯಾಕ್ಟೀರಿಯಾ ತಗುಲಿ ಬಿಳಿಚಿಕೊಂಡು ಪುಡಿಯಾಗುತ್ತದೆ. ಯಂತ್ರಗಳು ನಿಲ್ಲುವುದು ಅದಾದ ಮೇಲೆ. 1953ರ ಚಿತ್ರದಲ್ಲಿ ವಿಜ್ಞಾನಿಗಳು ಶತ್ರುವಿನ ರಕ್ತ ಪರೀಕ್ಷಿಸಿ ಅದು ತೀರಾ ದುರ್ಬಲವೆಂದು ಕಾಣುತ್ತಾರೆ.

ಈ ಕೆಂಪು ಕಳೆಯನ್ನು ಮಗುವಿನ ಕೈಗೆ ಕೊಡಿ. ಐದನೇ ನಿಮಿಷಕ್ಕೆ ಅವಳು ಒಂದು ಚೂರನ್ನು ಗಾಜಿನ ಸೀಸೆಯಲ್ಲಿ ಇಟ್ಟುಕೊಳ್ಳಲಿ. ಹನ್ನೆರಡಕ್ಕೆ ಅದರ ತುದಿ ಬಿಳಿಯಾಗಿರಲಿ, ಯಾರೂ ಆ ಮಾತೆತ್ತದಿರಲಿ. ಇಪ್ಪತ್ತಕ್ಕೆ ಸೀಸೆ ಅಲ್ಲಾಡಿಸಿದರೆ ಒಣ ಪುಡಿಯ ಸದ್ದು ಬರಲಿ. ಗೆಲುವು ರೋಗಾಣುಗಳದ್ದೇ, ಆದರೆ ಅದನ್ನು ಎಲ್ಲರಿಗಿಂತ ಮೊದಲು ಕಂಡದ್ದು ಮಗು.

ಪ್ರಶ್ನೆ: ಸದ್ದಿನ ಬಗ್ಗೆ ಒಂದು ಮಾತು?

ಉತ್ತರ: ನಿಶ್ಶಬ್ದದಿಂದ ಒಮ್ಮೆಲೇ ಅಬ್ಬರಕ್ಕೆ ಹಾರಬೇಡಿ, ದೊಡ್ಡ ಸದ್ದು ಕನಿಷ್ಠ 12 ಫ್ರೇಮ್ ತೆಗೆದುಕೊಂಡು ಏರಲಿ. ಬೆಚ್ಚಿಬಿದ್ದ ಪುಟ್ಟ ಮಗು ಆಮೇಲಿನ ಕಥೆ ಕೇಳುವುದಿಲ್ಲ. ಯಂತ್ರದ ಕೂಗಿಗೆ ಕಬ್ಬಿಣದ ಗೇಟಿನ ಕಿರುಗುಟ್ಟುವಿಕೆಯನ್ನು ಅರ್ಧ ವೇಗಕ್ಕೆ ಇಳಿಸಿ. ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. 60 ಹರ್ಟ್ಸ್‌ನ ಗುಡುಗು ಟಿವಿಯ ಪುಟ್ಟ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ, ಹಾಗಾಗಿ 120 ಮತ್ತು 240ರ ಸ್ವರಗಳನ್ನೂ ಬೆರೆಸಿ. 1953ರಲ್ಲಿ ಮಂಗಳದವನ ಚೀತ್ಕಾರ ಮಾಡಿದ್ದು ಒಣ ಮಂಜುಗಡ್ಡೆಯನ್ನು ಮೈಕಿಗೆ ಉಜ್ಜಿ, ಹೆಂಗಸಿನ ಕಿರುಚಾಟವನ್ನು ಹಿಂದುಮುಂದಾಗಿಸಿ ಬೆರೆಸಿ. ಒಣ ಮಂಜುಗಡ್ಡೆ ಮುಟ್ಟುವುದಾದರೆ ದಪ್ಪ ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿರಿ.

ಪ್ರಶ್ನೆ: ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ (1956) ಕಥೆಯನ್ನು ಪುಟ್ಟ ಮಕ್ಕಳಿಗೆ ಮಾಡಬಹುದೇ?

ಉತ್ತರ: ಬೇಡ. ಅನ್ಯಗ್ರಹದಿಂದ ಬಂದ ನಕಲುಗಳು ಮನುಷ್ಯರದೇ ರೂಪ ತಾಳಿ ಅವರ ಜಾಗ ಹಿಡಿಯುವ ಕಥೆ ಅದು. ‘ಇವಳು ನನ್ನ ಅಮ್ಮ ಅಲ್ಲ’ ಎಂದು ಮಗು ಅಳುವುದೇ ಅದರ ಬೇರು. ಬೇರು ಕಿತ್ತರೆ ಕಥೆಯಿಲ್ಲ, ಉಳಿಸಿದರೆ ಮಕ್ಕಳಿಗೆ ನಿದ್ದೆಯಿಲ್ಲ.

ಪ್ರಶ್ನೆ: ಚಿತ್ರ ಹೆಚ್ಚು ಹೆದರಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಹತ್ತು ಹನ್ನೆರಡು ಮಕ್ಕಳನ್ನು ಹೆತ್ತವರ ಜೊತೆ ಕೂರಿಸಿ, ದೀಪ ಪೂರ್ತಿ ಆರಿಸದೆ ತೋರಿಸಿ. ನೀವು ಪರದೆಗೆ ಬೆನ್ನು ಮಾಡಿ ಮಕ್ಕಳ ಮುಖ ನೋಡಿ. ಮಗು ಅಮ್ಮನ ಕಡೆ ತಿರುಗಿ ಮತ್ತೆ ಪರದೆಗೆ ಬಂದರೆ ದೃಶ್ಯ ಸರಿಯಿದೆ. ತಿರುಗಿದ ಮುಖ ಹತ್ತು ಸೆಕೆಂಡಾದರೂ ಪರದೆಗೆ ಬಾರದಿದ್ದರೆ ಆ ನಿಮಿಷ ಬರೆದಿಟ್ಟುಕೊಳ್ಳಿ. ಮೂವರು ಮಕ್ಕಳು ಒಂದೇ ಜಾಗದಲ್ಲಿ ಹಾಗೆ ಮಾಡಿದರೆ ಕತ್ತರಿ ಹಾಕಬೇಕಾದ್ದು ಆ ಶಾಟಿಗಲ್ಲ, ಅದಕ್ಕೂ ಮುಂಚಿನ ಕಾಯುವಿಕೆಗೆ. ಅದನ್ನು ಅರ್ಧಕ್ಕಿಳಿಸಿ ಮತ್ತೆ ತೋರಿಸಿ ನೋಡಿ.